ನಾಲ್ಕು ಸ್ಪೀಕರಿಗೆ ಒಂದೇ ನ್ಯೂಟ್ರಲ್

ರಾತ್ರಿ ಪಾಳಿ ಮುಗಿಸಿ ಬಂದ ಮಗಳು ಕಾರಿನ ಬೀಗದ ಕೈಯನ್ನೂ ಒಂದು ರಟ್ಟಿನ ಡಬ್ಬಿಯನ್ನೂ ಅಪ್ಪನ ಮುಂದಿಟ್ಟಳು. "ಇದನ್ನ ನನ್ನ ಕಾರಿಗೆ ಕೂರಿಸಬೇಕು. ನಿಂಗೆ ಆಗಲ್ಲ ಅಂದ್ರೆ ಹೇಳ್ಬಿಡಪ್ಪಾ, ಅಂಗಡಿಗೆ ಕೊಡ್ತೀನಿ," ಎಂದು ಆಕಳಿಸುತ್ತಾ ಮಲಗಲು ಹೋದಳು. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು ಅದು. ಆದರೆ ಆಯುಷ್ಯವೆಲ್ಲ ಮನೆಗಳಿಗೆ ವೈರಿಂಗ್ ಮಾಡುತ್ತಾ ಬಂದವನಿಗೆ, ಬೀದಿಯವರೆಲ್ಲ 'ವೈರ್‌ಮನ್' ಎಂದೇ ಕರೆಯುವವನಿಗೆ, ಒಂದು ಕಾರಿನ ಸ್ಟೀರಿಯೊ ಕೂರಿಸಲು ಆಗುತ್ತದೋ ಇಲ್ಲವೋ ಎಂದು ಕೇಳುವುದೇ? ಬೇರೆ ದಿನವಾಗಿದ್ದರೆ ಅವನು ಮನೆ ಮೇಲೆ ಕೆಳಗೆ ಮಾಡುತ್ತಿದ್ದ. ಅಂದು ಡಬ್ಬಿ ಎತ್ತಿಕೊಂಡ. ಆಗುತ್ತದೋ ಇಲ್ಲವೋ ಎಂಬುದು ಅವನಿಗೇ ಗೊತ್ತಿರಲಿಲ್ಲ.

ವಿಷಯ ಏನೆಂದರೆ, ಕೆಲವು ತಿಂಗಳಿಂದ ಅವನ ತಲೆ ಕೈಕೊಡುತ್ತಿತ್ತು. ಕೈಕೊಡುತ್ತಿದೆ ಎಂದು ಅವನಂತೂ ನಂಬಿದ್ದ. ಒಂದು ಮನೆಯಲ್ಲಿ ಏಣಿ ಹತ್ತಿದವನಿಗೆ ಯಾಕೆ ಹತ್ತಿದೆನೆಂದೇ ಹೊಳೆಯಲಿಲ್ಲ. ಮನೆಯಾಕೆ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳಲ್ಲ, ಮಾನ ಉಳಿಸಿಕೊಳ್ಳಲು ಫ್ಯಾನಿನ ರೆಕ್ಕೆ ಒರೆಸಿ ಇಳಿದುಬಂದ. ಇನ್ನೊಂದು ದಿನ ಟೆಸ್ಟರ್ ಸಕ್ಕರೆ ಡಬ್ಬಿಯಲ್ಲಿ ಸಿಕ್ಕಿತು. ಮಗಳನ್ನು ತನ್ನ ತಂಗಿಯ ಹೆಸರು ಹಿಡಿದು ಕೂಗಿದ್ದೂ ಆಯಿತು. ವಯಸ್ಸಾಗುತ್ತಾ ಬಂದ ಯಾವ ಗಂಡಸಿಗಾದರೂ ಆಗುವಂಥವೇ ಇವೆಲ್ಲ. ಆದರೆ ಅವನ ಅಪ್ಪನಿಗೂ ಹೀಗೆಯೇ ಶುರುವಾಗಿತ್ತು.

ಅಪ್ಪ ದರ್ಜಿಯಾಗಿದ್ದರು. ಒಂದು ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕುಳಿತು, ದಾರದ ತುದಿಯನ್ನು ನಾಲಿಗೆಗೆ ತಾಗಿಸಿ ಚೂಪು ಮಾಡಿಕೊಂಡರು. ಅದನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕೆಂದು ತಿಳಿಯದೆ ಹಾಗೇ ಕುಳಿತುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಮಗನನ್ನು ನೋಡಿ, ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ ನಕ್ಕರು. ಜನರ ಹೆಸರು, ಮನೆಯ ದಾರಿ, ಊಟ ಆಯಿತೋ ಇಲ್ಲವೋ ಎಂಬ ಅರಿವು, ಎಲ್ಲ ಹೋದದ್ದು ಆಮೇಲೆ. ಮೊದಲು ಮರೆತದ್ದು ಕೈ. ಆ ನಗುವನ್ನು ವೈರ್‌ಮನ್ ಇನ್ನೂ ಮರೆತಿರಲಿಲ್ಲ.

ದರ್ಜಿಯ ಕೈ ಮರೆತರೆ ಅಂಗಿಯ ತೋಳು ಗಿಡ್ಡವಾಗುತ್ತದೆ, ನಾಲ್ಕು ಮಾತು ಕೇಳಬೇಕಾಗುತ್ತದೆ. ವೈರ್‌ಮನ್‌ನ ಕೈ ಮರೆತರೆ ಯಾರದೋ ಮನೆಯ ಮಗು ಹೋಗಿ ಸ್ವಿಚ್ ಮುಟ್ಟುತ್ತದೆ. ಅದನ್ನು ಯೋಚಿಸಿ ಯೋಚಿಸಿ ಅವನು ಯಾರಿಗೂ ಹೇಳದೆ ಒಂದು ತೀರ್ಮಾನಕ್ಕೆ ಬಂದಿದ್ದ. ಮೂರಂತಸ್ತಿನ ಹೊಸ ಮನೆಯ ವೈರಿಂಗನ್ನು ಪೂರ್ತಿ ನೀನೇ ಮಾಡಬೇಕೆಂದು ಮೇಸ್ತ್ರಿಯೊಬ್ಬ ದುಂಬಾಲು ಬಿದ್ದಿದ್ದ. ಆವತ್ತು ಸಂಜೆಯೊಳಗೆ ಉತ್ತರ ಹೇಳಬೇಕಿತ್ತು. ಈ ಸ್ಟೀರಿಯೊ ಹಾಡಿದರೆ ಹೂಂ ಅನ್ನುವುದು. ಹಾಡದಿದ್ದರೆ ಆ ಮನೆಯೂ ಬೇಡ, ಇನ್ನಾವ ಮನೆಯೂ ಬೇಡ, ಸಾಮಾನಿನ ಚೀಲವನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುವುದು. ಒಂದು ಸ್ಟೀರಿಯೊದ ತಲೆಗೆ ಇಷ್ಟು ದೊಡ್ಡ ಭಾರ ಕಟ್ಟುವುದು ನ್ಯಾಯವಲ್ಲ, ನಿಜ. ಹೆದರಿದವನು ಏನನ್ನಾದರೂ ಪರೀಕ್ಷೆ ಮಾಡಿಕೊಳ್ಳುತ್ತಾನೆ.

ಮಗಳು ಆಸ್ಪತ್ರೆಯಲ್ಲಿ ನರ್ಸು. ಕಾರು ಅವಳಿಗಿಂತ ವಯಸ್ಸಿನಲ್ಲಿ ಹಿರಿಯದು. ಅದರ ಬಾಗಿಲನ್ನು ಮುಚ್ಚುವ ಮುಂಚೆ ಸ್ವಲ್ಪ ಎತ್ತಿ ಕೊಡಬೇಕು, ಇಲ್ಲದಿದ್ದರೆ ಮುನಿಸಿಕೊಂಡ ಹಾಗೆ ಅರ್ಧಕ್ಕೇ ನಿಲ್ಲುತ್ತದೆ. ಅದರಲ್ಲಿದ್ದ ರೇಡಿಯೊ ಯಾವ ಕಾಲದಲ್ಲೋ ಸತ್ತಿತ್ತು. ಪಾಳಿ ಮುಗಿಸಿ ಬರುವಾಗ ಕಣ್ಣು ಎಳೆಯುತ್ತದೆ, ಹಾಡು ಕೇಳುತ್ತಿದ್ದರೆ ಎಚ್ಚರ ಇರುತ್ತದೆ ಎಂದು ಅವಳು ಹೊಸ ಸೆಟ್ಟು ತಂದಿದ್ದಳು.

ವೈರ್‌ಮನ್ ಗೇಟಿನ ಹೊರಗೆ ನೆರಳಲ್ಲಿ ಕಾರು ನಿಲ್ಲಿಸಿಕೊಂಡು ಚೀಲ ಬಿಚ್ಚಿದ. "ಹನ್ನೆರಡು ವೋಲ್ಟು!" ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ. ಇನ್ನೂರ ಮೂವತ್ತರ ಜೊತೆ ಸಂಸಾರ ಮಾಡಿದವನಿಗೆ ಇದೂ ಒಂದು ಕರೆಂಟೇ? ಬಾನೆಟ್ ಎತ್ತಿ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದ. ಬಿಚ್ಚಿದ ಮೇಲೆ ಅವನಿಗೆ ಗೊತ್ತಾಯಿತು, ಕೈ ತಾನಾಗಿಯೇ ಅಲ್ಲಿಗೆ ಹೋಗಿತ್ತು. ಯಾವ ಮನೆಗೆ ಹೋದರೂ ಮೊದಲು ಮೇನ್ ಆಫ್ ಮಾಡುವ ಕೈ ಅದು. ಪರವಾಗಿಲ್ಲ, ಮರೆತಿಲ್ಲ ಎಂದುಕೊಂಡ.

ಹಳೆಯ ರೇಡಿಯೊ ಎಳೆದ ಕೂಡಲೇ ಧೂಳಿನೊಂದಿಗೆ ಹೊರಗೆ ಬಂತು. ಅದರ ಹಿಂದೆ ತೂಗಾಡುತ್ತಿದ್ದ ವೈರುಗಳನ್ನು ಒಂದೊಂದಾಗಿ ಹಿಡಿದು ಎಲ್ಲಿಗೆ ಹೋಗುತ್ತವೆಂದು ನೋಡಿದ. ಬಾಗಿಲುಗಳಲ್ಲಿ ಎರಡು, ಹಿಂದಿನ ಸೀಟಿನ ಮೇಲೆ ಎರಡು ಸ್ಪೀಕರು. ಒಂದೊಂದಕ್ಕೂ ಸೆಟ್ಟಿನಿಂದ ಒಂದೊಂದೇ ವೈರು ಹೋಗಿತ್ತು. ಅವುಗಳಿಂದ ವಾಪಸ್ಸು ಬರುವ ನಾಲ್ಕೂ ವೈರುಗಳನ್ನು ಒಂದು ಕಡೆ ಕೂಡಿಸಿ, ಕಾರಿನ ತಗಡಿಗೆ ಒಂದೇ ಸ್ಕ್ರೂ ಹೊಡೆದು ಬಿಗಿದಿದ್ದರು. ಅದನ್ನು ಕಂಡು ಅವನ ಮುಖ ಅರಳಿತು. ಮನೆಯಲ್ಲೂ ಹೀಗೇ ಅಲ್ಲವೇ? ಒಂದೊಂದು ದೀಪಕ್ಕೂ ಕರೆಂಟ್ ಒಯ್ಯುವ ಫೇಸ್ ವೈರು ಬೇರೆ ಬೇರೆ ಹೋಗುತ್ತದೆ, ವಾಪಸ್ಸು ಬರುವ ದಾರಿ, ಅಂದರೆ ನ್ಯೂಟ್ರಲ್, ಎಲ್ಲಕ್ಕೂ ಒಂದೇ. ಅಪರಿಚಿತರ ಮನೆಗೆ ಹೋದರೆ ಅಲ್ಲಿ ತನ್ನ ನೆಂಟನೇ ಬಾಗಿಲು ತೆಗೆದಷ್ಟು ಸಲೀಸಾಯಿತು ಅವನಿಗೆ.

ಹೊಸ ಸೆಟ್ಟಿನ ಡಬ್ಬಿಯಲ್ಲಿ ಒಂದು ಹಾಳೆಯೂ ಇತ್ತು. ನಾಲ್ಕು ಭಾಷೆಗಳಲ್ಲಿ ಬರೆದಿದ್ದರು, ನಾಲ್ಕರಲ್ಲಿ ಒಂದೂ ಅವನದಲ್ಲ. ಅದನ್ನು ನೆಲಕ್ಕೆ ಹಾಸಿ, ಬಿಚ್ಚಿದ ಸ್ಕ್ರೂಗಳು ಉರುಳದಂತೆ ಅದರ ಮೇಲೆ ಇಟ್ಟುಕೊಂಡ. ಹಳದಿ ವೈರು ಯಾವಾಗಲೂ ಕರೆಂಟ್ ಇರುವ ಕಡೆಗೆ, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಬರುವ ಕಡೆಗೆ, ಕಪ್ಪು ತಗಡಿಗೆ. ಉಳಿದವು ಸ್ಪೀಕರಿನವು. ಬಿಳಿ, ಬೂದು, ಹಸಿರು, ನೇರಳೆ, ಒಂದೊಂದಕ್ಕೂ ಮೈಮೇಲೆ ಕಪ್ಪು ಗೆರೆಯಿದ್ದ ಒಂದೊಂದು ಜೋಡಿ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ? ಗೆರೆಯಿಲ್ಲದ್ದು ಹೋಗುವ ವೈರು, ಗೆರೆಯಿದ್ದದ್ದು ಬರುವ ವೈರು. ಗೆರೆಯಿದ್ದ ನಾಲ್ಕನ್ನೂ ಸುಲಿದು, ಸೇರಿಸಿ ಹೊಸೆದು, ಹಳೆಯ ಸ್ಕ್ರೂವಿಗೇ ಬಿಗಿದು ಟೇಪು ಸುತ್ತಿದ. ಕಸುಬು ಬಲ್ಲ ಯಾರು ನೋಡಿದರೂ ಭೇಷ್ ಅನ್ನಬೇಕು, ಅಷ್ಟು ಚೊಕ್ಕವಾಗಿತ್ತು.

ಬ್ಯಾಟರಿ ಕೊಟ್ಟು ಕೀಲಿ ತಿರುಗಿಸಿದ. ಸೆಟ್ಟಿನ ಮುಖದಲ್ಲಿ ನೀಲಿ ಬೆಳಕು ಬಂತು. ಅಂಕಿಗಳು ಓಡಿದವು, ಒಂದು ಕಡೆ ನಿಂತವು. ಸದ್ದಿಲ್ಲ. ಗುಂಡಿಯನ್ನು ಪೂರ್ತಿ ತಿರುಗಿಸಿದ. ಆಗಲೂ ಇಲ್ಲ. ಹಾಗೇ ನೋಡುತ್ತಿದ್ದಂತೆ ಬೆಳಕೂ ಆರಿತು. ತಾನಾಗಿಯೇ ಹತ್ತಿತು, ಮತ್ತೆ ಆರಿತು.

ಮೀಟರ್ ಹಿಡಿದು ಎಲ್ಲವನ್ನೂ ತಪಾಸಣೆ ಮಾಡಿದ. ಹಳದಿ ಸರಿ, ಕೆಂಪು ಸರಿ, ಕಪ್ಪು ಸರಿ. ಎಲ್ಲ ಬಿಚ್ಚಿ ಮೊದಲಿನಿಂದ ಕಟ್ಟಿದ. ಎರಡನೆಯ ಸಲವೂ ಅದೇ ಹಾಡು, ಅಂದರೆ ಹಾಡಿಲ್ಲ. ಸೆಟ್ಟಿನ ಬೆನ್ನು ಮುಟ್ಟಿ ನೋಡಿದರೆ ಕೈ ಸುಡುವಷ್ಟು ಬಿಸಿ. ಎಲ್ಲವೂ ಸರಿಯಿದೆ, ಆದರೂ ಹಾಡುತ್ತಿಲ್ಲ ಎಂದರೆ ತಪ್ಪು ತನ್ನ ಕಣ್ಣೆದುರಿಗೇ ಇದೆ, ತನಗೆ ಕಾಣುತ್ತಿಲ್ಲ. ದಾರ ಹಿಡಿದು ಕುಳಿತ ಅಪ್ಪನಿಗೂ ಹೀಗೆಯೇ ಅನ್ನಿಸಿರಬೇಕು.

ಸ್ಟೀರಿಂಗ್ ಹಿಂದೆ ಕುಳಿತು ಅವನು ತನ್ನನ್ನು ತಾನೇ ಪರೀಕ್ಷಿಸಿಕೊಂಡ. ಮೂಲೆಮನೆಯ ಮೀಟರ್ ಬೋರ್ಡು ಎಲ್ಲಿದೆ? ಮೆಟ್ಟಿಲ ಕೆಳಗೆ. ಅದರ ಪಕ್ಕದ ಮನೆಯದು? ಅಡುಗೆಮನೆ ಬಾಗಿಲ ಹಿಂದೆ, ಬೇಡವೆಂದರೂ ಕೇಳದೆ ಅಲ್ಲಿ ಹಾಕಿಸಿಕೊಂಡರು. ಔಷಧಿ ಅಂಗಡಿಯವರದು? ಫ್ರಿಜ್ಜಿನ ಮೇಲೆ. ಒಂದೂ ತಪ್ಪಲಿಲ್ಲ. ಒಂದು ಗಳಿಗೆ ಸಮಾಧಾನವಾಯಿತು. ಆದರೆ ಅಪ್ಪನೂ ಕೊನೆಯವರೆಗೆ, ಸತ್ತು ಎಷ್ಟೋ ಕಾಲವಾದ ಗಿರಾಕಿಗಳ ಕುತ್ತಿಗೆಯ ಅಳತೆಯನ್ನು ತಪ್ಪದೆ ಹೇಳುತ್ತಿದ್ದರೆಂಬುದು ನೆನಪಾಗಿ ಇದ್ದ ಸಮಾಧಾನವೂ ಇಂಗಿತು.

ಹೆಂಡತಿ ಚಹಾ ಹಿಡಿದು ಬಂದಳು. "ಏನ್ರೀ, ಹಾಡ್ತಾ?"

"ಇಲ್ಲ."

"ಹಾಡುತ್ತೆ ಬಿಡಿ. ಮೊದಲು ಚಹಾ ಕುಡೀರಿ."

ಅವನು ಲೋಟ ತೆಗೆದುಕೊಳ್ಳಲಿಲ್ಲ. ಮುಂದಿನ ಗಾಜಿನ ಕಡೆಗೇ ನೋಡುತ್ತಾ, "ನಂಗೂ ಅಪ್ಪನ ಥರಾನೇ ಆಗ್ತಿದೆ ಕಣೇ," ಅಂದ.

ಇಷ್ಟು ದಿನ ಬಚ್ಚಿಟ್ಟಿದ್ದ ಮಾತು ಹೀಗೆ ಚಹಾ ಆರುವ ಹೊತ್ತಿನಲ್ಲಿ ಹೊರಗೆ ಬಂತು. ಹೆಂಡತಿ ಲೋಟವನ್ನು ಕಾರಿನ ತಲೆಯ ಮೇಲಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

"ಮಾವನವರು ನನ್ನನ್ನೇ 'ಯಾರಮ್ಮಾ ನೀನು' ಅಂತ ಕೇಳ್ತಿದ್ರು. ನೀವು ಹಾಗೆ ಕೇಳಿದೀರಾ? ನಾನು ಹೇಳಿದ ಕೆಲಸ ಮಾತ್ರ ಮರೀತೀರಿ. ಅದು ಕಾಯಿಲೆ ಅಲ್ಲ, ಮದುವೆ ಆದಾಗಿಂದ್ಲೂ ಇದೆ."

"ತಮಾಷೆ ಮಾಡ್ಬೇಡ ಕಣೇ."

"ತಮಾಷೆ ಅಲ್ಲ. ಗೊತ್ತಾಗ್ದಿದ್ರೆ ಗೊತ್ತಿರೋರನ್ನ ಕೇಳಿ. ಡಿಪ್ಪರ್ ಹತ್ರ ತಗೊಂಡ್ಹೋಗಿ."

"ಆ ಟಾರ್ಚ್ ಬ್ಯಾಟರಿ ಹತ್ರಾನಾ?"

"ನೋಡಿ, ಅವರ ಅಡ್ಡಹೆಸರು ಮರೆತಿಲ್ಲ," ಎಂದು ಹೆಂಡತಿ ಒಳಗೆ ಹೋದಳು.

ಡಿಪ್ಪರ್ ಎಂದರೆ ಬೀದಿಯ ಕೊನೆಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಕಾರು ಎಲೆಕ್ಟ್ರಿಷಿಯನ್. ಮಾತಾಡುವಾಗ ಎರಡು ಕಣ್ಣನ್ನೂ ರಾತ್ರಿಯ ಲಾರಿ ದೀಪದ ಹಾಗೆ ಪಟಪಟನೆ ಮಿಟುಕಿಸುತ್ತಾನೆಂದು ಆ ಹೆಸರು ಬಿದ್ದಿತ್ತು. ಅವನಿಗೂ ವೈರ್‌ಮನ್‌ಗೂ ಹುಡುಗರಾಗಿದ್ದಾಗಿನಿಂದ ಎಣ್ಣೆ ಸೀಗೆಕಾಯಿ. ಹನ್ನೆರಡು ವೋಲ್ಟಿಗೆ ನೊಣವೂ ಸಾಯುವುದಿಲ್ಲ ಎಂದು ಇವನು ಅವನನ್ನು ಟಾರ್ಚ್ ಬ್ಯಾಟರಿ ಎನ್ನುತ್ತಿದ್ದ. ಸದಾ ಗೋಡೆ ಹಿಡಿದುಕೊಂಡು ತೆವಳುತ್ತಾನೆಂದು ಅವನು ಇವನನ್ನು ಗೋಡೆ ಹಲ್ಲಿ ಎನ್ನುತ್ತಿದ್ದ. ಎದುರಾದಾಗಲೆಲ್ಲ ಒಂದು ಮಾತು ಎಸೆಯುತ್ತಿದ್ದರು, ಒಬ್ಬರ ಕೆಲಸವನ್ನು ಒಬ್ಬರು ಹೊಗಳಿದ್ದಿಲ್ಲ.

ವೈರ್‌ಮನ್ ಕಾರನ್ನು ಶೆಡ್ಡಿನ ಮುಂದೆ ತಂದು ನಿಲ್ಲಿಸಿದಾಗ ಡಿಪ್ಪರ್ ಬೋರಲು ಹಾಕಿದ ಡಬ್ಬದ ಮೇಲೆ ಕುಳಿತು ಒಂದು ಬ್ಯಾಟರಿಯ ಕೊಂಡಿ ಉಜ್ಜುತ್ತಿದ್ದ. "ಏನಯ್ಯಾ ಗೋಡೆ ಹಲ್ಲಿ, ದಾರಿ ತಪ್ಪಿ ಬಂದ್ಯಾ?"

ದಾರಿ ತಪ್ಪಿ ಎಂಬ ಮಾತು ಬೇರೆಯೇ ಕಡೆ ಚುಚ್ಚಿತು. ಆದರೂ ವೈರ್‌ಮನ್ ಮಾತಿಗೆ ಮಾತು ಕೊಡಲಿಲ್ಲ. "ಸೆಟ್ಟು ಕೂರಿಸ್ದೆ, ಹಾಡ್ತಿಲ್ಲ. ಎಲ್ಲಿ ತಪ್ಪಿದೀನಿ ಅಂತ ನಂಗೆ ಗೊತ್ತಾಗ್ತಿಲ್ಲ. ಸ್ವಲ್ಪ ನೋಡು."

ಡಿಪ್ಪರನ ಕಣ್ಣು ಮಿಟುಕುವುದು ನಿಂತಿತು. ಗೋಡೆ ಹಲ್ಲಿಯ ಬಾಯಲ್ಲಿ ಇಂಥ ಮಾತು ಅವನು ಕೇಳಿದ್ದೇ ಇಲ್ಲ. ತಕರಾರಿಲ್ಲದೆ ಎದ್ದು ಬಂದು, ಸೀಟಿನ ಮೇಲೆ ಅಂಗಾತ ಮಲಗಿ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಹೊರಗೆ ಉಳಿದದ್ದು ಹೊಟ್ಟೆ ಮತ್ತು ಕಾಲು. ವೈರ್‌ಮನ್ ಆ ಹೊಟ್ಟೆಯನ್ನೇ, ವೈದ್ಯರ ಮುಖ ನೋಡುವವರ ಹಾಗೆ ನೋಡುತ್ತಾ ನಿಂತ. ಸ್ವಲ್ಪ ಹೊತ್ತಿಗೆ ಹೊಟ್ಟೆ ಕುಲುಕಾಡತೊಡಗಿತು.

"ಲೋ ಗೋಡೆ ಹಲ್ಲಿ! ಕಾರಿಗೆ ಮನೆ ವೈರಿಂಗ್ ಮಾಡ್ಬಿಟ್ಟಿದೀಯಲ್ಲೋ!"

"ಏನು ಹಾಗಂದ್ರೆ?"

ಡಿಪ್ಪರ್ ಹೊರಗೆ ಬಂದು ಕೂತ. ಕಣ್ಣುಗಳು ಮತ್ತೆ ಕೆಲಸ ಶುರುಮಾಡಿದ್ದವು. "ಹಳೇ ಸೆಟ್ಟು ಒಂದೇ ವೈರಲ್ಲಿ ಸ್ಪೀಕರ್ ಆಡಿಸ್ತಿತ್ತು. ಇನ್ನೊಂದನ್ನ ತಗಡಿಗೆ ಕೊಟ್ರೆ ಸಾಕಿತ್ತು. ಹೊಸಾದು ಹಂಗಲ್ಲ. ಒಂದು ವೈರು ತಳ್ಳುತ್ತೆ, ಇನ್ನೊಂದು ಎಳೆಯುತ್ತೆ. ಈ ಗೆರೆ ಇರೋದೂ ಜೀವ ಇರೋ ವೈರೇ ಕಣಯ್ಯಾ, ನ್ಯೂಟ್ರಲ್ ಅಲ್ಲ. ನೀನು ನಾಲ್ಕನ್ನೂ ಸೇರಿಸಿ ತಗಡಿಗೆ ಜಡಿದಿದೀಯ. ಉಸಿರು ಕಟ್ಟಿ ಬಾಯಿ ಮುಚ್ಕೊಂಡು ಕೂತಿದೆ ಪಾಪ."

"ಅಂದ್ರೆ ನಾನು ಮರೆತಿದ್ದಲ್ವಾ?"

"ಏನನ್ನ?"

"ಕೆಲಸಾನ."

ಡಿಪ್ಪರ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಮರೆತೋನು ಇದನ್ನ ಹೆಂಗಯ್ಯಾ ಮಾಡ್ತಾನೆ? ಏನೂ ಗೊತ್ತಿಲ್ದೋನು ಎಲ್ಲೆಲ್ಲೋ ಸಿಕ್ಕಿಸಿ ಫ್ಯೂಸ್ ಹಾರಿಸ್ಕೊಂಡು ಬರ್ತಾನೆ. ನಮ್ಮ ಕಸುಬಿನೋನು ಈ ತಪ್ಪು ಮಾಡಲ್ಲ. ಹಿಂಗೆ ನಾಲ್ಕನ್ನೂ ಜೋಪಾನವಾಗಿ ತಂದು ಒಂದೇ ಕಡೆ ಕಟ್ಟೋನು ಅಂದ್ರೆ ಮನೆ ವೈರ್‌ಮನ್ ಒಬ್ಬನೇ. ಅದೂ ಪಳಗಿದೋನು. ಕೈಗೆ ಆ ಪಾಠ ಅಷ್ಟು ಕೂತಿರುತ್ತೆ, ಕಾರಿಗೆ ಬಂದ್ರೂ ಬಿಡಲ್ಲ. ಇಲ್ಲಿಗೆ ಬಂದ ನಿಮ್ಮೋರೆಲ್ಲ ಇದನ್ನೇ ಮಾಡ್ಕೊಂಡು ಬಂದಿದ್ದು."

"ಇನ್ನೊಂದ್ಸಲ ಹೇಳು."

"ಯಾವುದನ್ನ?"

"ಈಗ ಹೇಳಿದ್ಯಲ್ಲ, ಅದನ್ನೇ."

ಡಿಪ್ಪರ್ ಇನ್ನೊಂದು ಸಲ ಹೇಳಿದ. ವೈರ್‌ಮನ್ ಬೋರಲು ಡಬ್ಬದ ಮೇಲೆ ಕುಕ್ಕರಿಸಿದ. ಎದೆಯ ಮೇಲೆ ಕುಳಿತಿದ್ದ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಅವನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು, ಯಾವುದನ್ನು ತಡೆಯುವುದೆಂದು ತಿಳಿಯದೆ ಎರಡಕ್ಕೂ ಮುಖ ಒರೆಸಿಕೊಂಡ. ಕೈ ಏನನ್ನೂ ಮರೆತಿರಲಿಲ್ಲ. ಮರೆಯಬೇಕಾದ ಕಡೆಯಲ್ಲೂ ಮರೆಯದೆ, ಮನೆಯ ಪಾಠವನ್ನು ಕಾರಿನಲ್ಲೂ ಒಪ್ಪಿಸಿತ್ತು. ಇಷ್ಟು ಸಂತೋಷ ಕೊಟ್ಟ ತಪ್ಪನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

"ಒಂದು ಮಾತು," ಡಿಪ್ಪರ್ ಗಂಟಲು ಸರಿಮಾಡಿಕೊಂಡ. "ಸೆಟ್ಟು ಸುಟ್ಟಿದ್ರೂ ಸುಟ್ಟಿರಬಹುದು. ತಣ್ಣಗಾಗ್ಲಿ, ನೋಡೋಣ."

"ಸುಟ್ಟಿದ್ರೆ ಸುಟ್ಕೊಂಡ್ಹೋಗ್ಲಿ ಬಿಡು!" ಎಂದ ವೈರ್‌ಮನ್ ಹಲ್ಲು ಕಿರಿಯುತ್ತಾ. ಈ ಮನುಷ್ಯನಿಗೆ ಬಿಸಿಲು ತಲೆಗೇರಿದೆ ಎಂದು ಡಿಪ್ಪರನಿಗೆ ಖಾತ್ರಿಯಾಯಿತು.

ಇನ್ನು ಒಂದೊಂದು ಸ್ಪೀಕರಿಗೂ ಎರಡೆರಡು ವೈರು ಬೇರೆ ಬೇರೆಯಾಗಿ ಎಳೆಯಬೇಕಿತ್ತು. ಡಿಪ್ಪರ್ ಕೈ ಹಾಕಲು ಬಂದರೆ ವೈರ್‌ಮನ್ ಬಿಡಲಿಲ್ಲ. ಕಾಲಡಿಯ ಹಾಸನ್ನು ಎತ್ತಿ, ಹಿಂದಿನವರೆಗೆ ವೈರು ಮಲಗಿಸಿದ. ಬಾಗಿಲಿನ ಕೀಲಿನ ಹತ್ತಿರ ರಬ್ಬರಿನ ಸಂದಿಯಲ್ಲಿ ಗಟ್ಟಿ ತಂತಿ ತೂರಿಸಿ, ಅದರ ಬಾಲಕ್ಕೆ ವೈರು ಕಟ್ಟಿ, ಮನೆಯ ಪೈಪಿನಲ್ಲಿ ಎಳೆಯುವ ಹಾಗೆಯೇ ಸರಸರನೆ ಎಳೆದುಕೊಂಡ. ಗೆರೆಯಿದ್ದವನ್ನು ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಟೇಪು ಸುತ್ತಿದ. ಬೆರಳುಗಳು ಎಲ್ಲಿಯೂ ತಡವರಿಸಲಿಲ್ಲ. ಟೇಪು ಹಿಡಿದು ನಿಂತಿದ್ದ ಡಿಪ್ಪರ್ ಸ್ವಲ್ಪ ಹೊತ್ತು ನೋಡಿ, "ಕೈ ಚೆನ್ನಾಗಿದೆ ಕಣಯ್ಯಾ," ಅಂದ. ಅಂದವನೇ ನಾಚಿಕೊಂಡು ಬ್ಯಾಟರಿ ಉಜ್ಜಲು ಹೋದ.

ಕೀಲಿ ತಿರುಗಿತು. ನೀಲಿ ಬೆಳಕು ಬಂತು, ಅಂಕಿಗಳು ಓಡಿದವು. ಒಂದು ಗಳಿಗೆ ಏನೂ ಇಲ್ಲ. ವೈರ್‌ಮನ್‌ಗೆ ಆಗ, ಸುಟ್ಟರೆ ಸುಡಲಿ ಎಂದದ್ದೆಲ್ಲ ಬರೀ ಬಾಯಿಮಾತೆಂದು ತಿಳಿಯಿತು. ಈ ಸೆಟ್ಟು ಹಾಡಲೇಬೇಕಿತ್ತು. ಅಷ್ಟರಲ್ಲಿ ನಾಲ್ಕೂ ಕಡೆಯಿಂದ ಒಬ್ಬ ಹೆಂಗಸು ಗಟ್ಟಿ ದನಿಯಲ್ಲಿ, ತಮ್ಮ ಸೋಪು ಎಂಥ ಕಲೆಯನ್ನಾದರೂ ತೆಗೆಯುತ್ತದೆಂದು ಸಾರಿದಳು. ಬಟ್ಟೆ ಸೋಪಿನ ಜಾಹೀರಾತನ್ನು ಇಬ್ಬರು ಗಂಡಸರು ಅಷ್ಟು ಭಕ್ತಿಯಿಂದ ಎಂದೂ ಕೇಳಿರಲಾರರು.

ಅಲ್ಲಿಂದಲೇ ವೈರ್‌ಮನ್ ಮೇಸ್ತ್ರಿಗೆ ಫೋನು ಮಾಡಿದ. "ಆ ಮೂರಂತಸ್ತಿನ ಮನೆ ನಾನೇ ಮಾಡ್ತೀನಿ. ಬೇರೆ ಯಾರಿಗೂ ಹೇಳ್ಬೇಡ," ಅಂದ. ಮೇಸ್ತ್ರಿ ಏನೋ ಕೇಳಿದ್ದಕ್ಕೆ, "ಏನಿಲ್ಲ ಮಾರಾಯ, ಇವತ್ತು ಒಂದು ಒಳ್ಳೇ ತಪ್ಪು ಮಾಡ್ದೆ," ಎಂದು ಫೋನು ಇಟ್ಟ.

ಅವನು ಹಾಡು ಹಾಕಿಕೊಂಡೇ ಬೀದಿಯುದ್ದಕ್ಕೂ ಬಂದ. ಹೆಂಡತಿ ಗೇಟಿನ ಹತ್ತಿರ ನಿಂತಿದ್ದಳು, ಕೈಯಲ್ಲಿ ನೀರಿನ ಚೆಂಬು. ಅವನು ಕಾರಿನಿಂದಿಳಿಯುವ ಮೊದಲೇ ಕಿಟಕಿಯಿಂದ ತಲೆ ಹೊರಹಾಕಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಗೆರೆಯ ವೈರು, ತಗಡು, ಡಿಪ್ಪರ್ ಅಂದ ಮಾತು, ಎಲ್ಲ. "ಮರೆತಿಲ್ಲ ಕಣೇ! ಜಾಸ್ತಿ ನೆನಪಿದ್ದೇ ತಪ್ಪಾಗಿದ್ದು!"

ಅವಳು ಏನಾದರೊಂದು ಕುಚೋದ್ಯ ಮಾಡುತ್ತಾಳೆಂದು ಅವನು ಕಾದ. ಅವಳು ಮಾಡಲಿಲ್ಲ. ಕಾರು ಸುತ್ತಿಕೊಂಡು ಬಂದು, ಪಕ್ಕದ ಸೀಟಿನಲ್ಲಿ ಕುಳಿತು, ಬಾಗಿಲನ್ನು ಸ್ವಲ್ಪ ಎತ್ತಿ ಮುಚ್ಚಿಕೊಂಡಳು. ಚೆಂಬನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಕಣ್ಣು ಒತ್ತಿಕೊಂಡಳು.

"ಯಾಕೆ? ಏನಾಯ್ತೇ?" ಅವನು ಗಾಬರಿಯಾಗಿ ಹಾಡಿನ ಸದ್ದು ತಗ್ಗಿಸಿದ.

"ನೀವು ಹೊರಗೆ ಹೋದಾಗೆಲ್ಲ ನಾನು ಗೇಟ್ ಹತ್ರ ನಿಂತಿರ್ತೀನಲ್ಲ, ಯಾಕೆ ಅಂದ್ಕೊಂಡಿದ್ರಿ?"

"ಗಿಡಕ್ಕೆ ನೀರು ಹಾಕೋಕೆ."

"ಒಂದು ಗಿಡಕ್ಕೆ ಎಷ್ಟು ಸಲ ನೀರು ಹಾಕ್ತಾರ್ರೀ? ಹೋದೋರು ಸರಿಯಾಗಿ ಮನೆಗೆ ಬರ್ತೀರೋ, ಇಲ್ಲಾ ಮಾವನವರ ಥರ ಬೇರೆ ಯಾರದೋ ಬಾಗಿಲು ತಟ್ತೀರೋ ಅಂತ ಕಾಯ್ತಿದ್ದೆ. ಒಬ್ಬರಿಗೂ ಹೇಳೋ ಹಾಗಿಲ್ಲ. ಆ ಸಕ್ಕರೆ ಡಬ್ಬಿಲಿ ಟೆಸ್ಟರ್ ಸಿಕ್ಕಿದ ದಿನ ನಾನು ಅನ್ನ ಬಿಟ್ಟು ಎದ್ದಿದ್ದೆ."

ಹೆದರಿಕೆಯನ್ನು ತಾನೊಬ್ಬನೇ ಹೊತ್ತುಕೊಂಡು ತಿರುಗುತ್ತಿದ್ದೇನೆಂದು ಅವನು ಇಷ್ಟು ದಿನ ತಿಳಿದಿದ್ದ. ಅದರ ಇನ್ನೊಂದು ತುದಿಯನ್ನು ಇವಳು ಹಿಡಿದುಕೊಂಡಿದ್ದಳು, ಮೇಲಿಂದ ತಮಾಷೆ ಮಾಡುತ್ತಾ. ಅವನು ಗೇಟಿನ ಪಕ್ಕದ ಗಿಡದ ಕಡೆ ನೋಡಿದ. ಎಲೆಗಳೆಲ್ಲ ಹಳದಿಯಾಗಿ, ಬುಡದಲ್ಲಿ ನೀರು ನಿಂತು ಕೊಳೆತು ಹೋಗಿತ್ತು. ಅವನು ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ಟೇಪಿನ ಅಂಟು ಇನ್ನೂ ಬೆರಳಲ್ಲಿತ್ತು.

ಅವಳು ಮೂಗು ಒರೆಸಿಕೊಂಡು, ಚೆಂಬಿನಲ್ಲಿದ್ದ ನೀರನ್ನು ಕಿಟಕಿಯಿಂದ ಬೀದಿಗೆ ಚೆಲ್ಲಿದಳು.

"ನಾಳೆಯಿಂದ ನೀವೇ ಬಾಗಿಲು ತಟ್ಟಿ," ಅಂದಳು. "ನಾನು ಗೇಟಿಗೆ ಬರಲ್ಲ."